ಹಿಂದಿನವರು ಕಾಮದ ಬಗ್ಗೆ ಬಾಯೇ ಬಿಡುತ್ತಿರಲಿಲ್ಲ, ಸಿನಿಮಾ ಬಂದು ಕೆಡಿಸಿತು ಅನ್ನೋದಕ್ಕೆ ಯಾವ ಇತಿಹಾಸ ಪುಸ್ತಕ ಓದಲಿ?

ಅಯ್ಯೋ, ಇದೇ ವಾದ ತಲೆ ಮೇಲೆ ಹೊತ್ತುಕೊಂಡು ಎಂ.ಎ. ಎರಡನೇ ವರ್ಷ ಪೂರ್ತಿ ತಿರುಗಿದವನು ನಾನು.

ನಮ್ಮೂರು ಪಾವಗಡ, ಮನೆಯಲ್ಲಿ ತೆಲುಗು. ಆ ಧೈರ್ಯದ ಮೇಲೆ ಕಿರುಪ್ರಬಂಧಕ್ಕೆ ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಹಿಡಿದೆ. 18ನೇ ಶತಮಾನ, ತಂಜಾವೂರು, ಪ್ರತಾಪಸಿಂಹನ ಆಸ್ಥಾನದ ಗಣಿಕೆ ಬರೆದ ಶೃಂಗಾರ ಕಾವ್ಯ. ತಾನೇ ಸಾಕಿದ ಇಳೆ ಅನ್ನೋ ಹುಡುಗಿಯನ್ನು ರಾಧೆ ಕೃಷ್ಣನಿಗೆ ಮದುವೆ ಮಾಡಿಸ್ತಾಳೆ, ಶೋಭನಕ್ಕೆ ಬುದ್ಧಿ ಹೇಳಿ ಕಳಿಸ್ತಾಳೆ, ಆಮೇಲೆ ಹೊಟ್ಟೆಕಿಚ್ಚಿನಲ್ಲಿ ಬೇಯ್ತಾಳೆ. ಕೊನೆಗೆ ಕೃಷ್ಣನೇ ಬಂದು ರಮಿಸಬೇಕು. ಬಯಸುವವಳೂ ಅವಳೇ, ಮುನಿಯುವವಳೂ ಅವಳೇ.

ನನ್ನ ಕೈಗೆ ಸಿಕ್ಕಿದ್ದು ಒಂದು ಜೆರಾಕ್ಸ್. ಮೊದಲ ಹಾಳೆ ಇರಲಿಲ್ಲ. ಯಾರು ಸಂಪಾದಿಸಿದ್ದು, ಯಾವ ವರ್ಷದ್ದು, ಒಂದೂ ವಿಚಾರಿಸಲಿಲ್ಲ. ಮೊದಲ ಹಾಳೆ ಹೋದರೆ ಏನು ಮಹಾ, ಪದ್ಯ ಇದೆಯಲ್ಲ ಅಂದುಕೊಂಡೆ. ಪೀಠಿಕೆ ಕಾಣಲಿಲ್ಲ ಅಂತ ‘ಕವಯಿತ್ರಿ ನಾಚಿಕೆಯಿಂದ ತನ್ನ ಪರಿಚಯವನ್ನೇ ಹೇಳಿಕೊಂಡಿಲ್ಲ’ ಎಂದು ಬರೆದೆ. ಬರೆದು ಸುಮ್ಮನಿದ್ದೆನಾ? ಅದೊಂದು ವಾಕ್ಯದ ಮೇಲೆ ಇಡೀ ಎರಡನೇ ಅಧ್ಯಾಯ ಕಟ್ಟಿದೆ. ವೈವಾದಲ್ಲಿ ಪರೀಕ್ಷಕಿ ಮೇಡಂ ಕನ್ನಡಕ ತೆಗೆದು, “ಯಾವ ಮುದ್ರಣ ಓದಿದ್ಯಪ್ಪಾ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದು 1887ರ ಮುದ್ರಣ. ಪೀಠಿಕೆಯನ್ನೂ ಕೆಲವು ಪದ್ಯಗಳನ್ನೂ ಸಂಪಾದಕರೇ ಕೈಬಿಟ್ಟಿದ್ದರು. ಆ ಪೀಠಿಕೆಯಲ್ಲಿ ಅವಳು ಅಜ್ಜಿ, ಸೋದರತ್ತೆ ಅಂತ ಹೆಂಗಸರ ಕಡೆಯಿಂದ ಪರಂಪರೆ ಹೇಳಿಕೊಳ್ತಾಳೆ. ನಾಚಿಕೆಯಂತೆ, ನಾಚಿಕೆ! ಆರು ತಿಂಗಳು ಕೂತು ಮತ್ತೆ ಬರೆದೆ. ಅಷ್ಟರಲ್ಲಿ ಸಿಗಬೇಕಿದ್ದ ಅತಿಥಿ ಉಪನ್ಯಾಸಕನ ಕೆಲಸ ಬೇರೆಯವರ ಪಾಲಾಯಿತು.

ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ ನನ್ನ ಹಾಗೆ ಮೋಸಹೋಗಲಿಲ್ಲ. ಕೈಬರಹದ ಪ್ರತಿ ಹುಡುಕಿ, ಹೋಲಿಸಿ, 1910ರಲ್ಲಿ ಪೂರ್ತಿ ಕಾವ್ಯ ಅಚ್ಚು ಹಾಕಿಸಿದರು. ಹೆಂಗಸು ಹೀಗೆಲ್ಲ ಬರೆಯಬಹುದೇ ಅಂತ ಆಕ್ಷೇಪಿಸಿದವರು ಯಾರು ಗೊತ್ತಾ? ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ. ನಾಚಿಕೆ ಹೆಂಗಸರಿಗೆ ಮಾತ್ರವಾ, ಗಂಡಸರಿಗೆ ಬೇಡವಾ ಎಂದು ಈಕೆ ತಿರುಗಿ ಕೇಳಿದರು. ಬ್ರಿಟಿಷ್ ಸರ್ಕಾರ ಪುಸ್ತಕ ನಿಷೇಧಿಸಿತು. ಆ ನಿಷೇಧ ತೆಗೆಯೋಕೆ 1940ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಸರ್ಕಾರದ ಮುಖ್ಯಸ್ಥರಾಗಿ ಟಂಗುಟೂರಿ ಪ್ರಕಾಶಂ ಬರಬೇಕಾಯಿತು.

ಈಗ ನಿಮ್ಮ ಸಿನಿಮಾ ವಿಷಯ. 1933ರ ‘ಕರ್ಮ’ದಲ್ಲಿ ದೇವಿಕಾ ರಾಣಿ, ಹಿಮಾಂಶು ರಾಯ್ ತೆರೆಯ ಮೇಲೆ ಮುತ್ತಿಟ್ಟುಕೊಂಡರು. ಆಗಿನ್ನೂ ಮುದ್ದುಪಳನಿ ನಿಷೇಧದಲ್ಲೇ ಇದ್ದಳು! ಇದರಲ್ಲಿ ಸಿನಿಮಾ ಕೆಡಿಸಿದ್ದೇನು, ನೀವೇ ಹೇಳಿ.

ಹಾಗಾಗಿ ಆ ವಾದ ಬಿಟ್ಟುಬಿಡಿ, ಅದಕ್ಕೆ ಪುಸ್ತಕ ಹುಡುಕೋ ಕೆಲಸವೇ ಬೇಡ. ಇತಿಹಾಸ ಪುಸ್ತಕ ಆಮೇಲೆ ಓದಿ, ಮೊದಲು ಮೂಲ ಕಾವ್ಯ ಕೈಗೆ ತಗೊಳ್ಳಿ. ಸಿಕ್ಕ ಪ್ರತಿಯಲ್ಲಿ ಮೊದಲ ಹಾಳೆ ಇದೆಯಾ ನೋಡಿ ಇಲ್ಲೇ ತಿಳಿಸಿ.