ಸಿಡಿಲು ಬಿಡಿ, ನೀವು ಕಂಡದ್ದು ಹೇಳಿ

ನಮಸ್ಕಾರ,

ನೀವು ಕಳಿಸಿದ 'ತಲೆಯೊಳಗಿನ ಸಿಡಿಲು' ಲೇಖನ ಓದಿದೆ. ಮೈಗ್ರೇನ್ ನೋವಿಗೆ ಮುಂಚೆ ಬರುವ ಆರಾ (ಕಣ್ಣೆದುರು ಮಿನುಗು, ಕುರುಡು ಕಲೆಯಂಥವು), ಆ ಹೊತ್ತಿನಲ್ಲಿ ಮೆದುಳಿನ ವಿದ್ಯುತ್ ಚಟುವಟಿಕೆ. ವಿಷಯ ಒಳ್ಳೆಯದು, ಭಾಷೆಯೂ ಸಲೀಸಾಗಿದೆ. ಹೊಗಳಿಕೆ ಮುಗಿಯಿತು, ಈಗ ಜಗಳ.

ಮೊದಲ ಸಾಲು: "ಮೆದುಳಿನಲ್ಲಿ ವಿದ್ಯುತ್ತಿನ ಬಿರುಗಾಳಿ ಏಳುತ್ತದೆ." ಎರಡನೇ ಸಾಲಿನಲ್ಲಿ ಸಿಡಿಲು. ನಾಲ್ಕನೆಯದರಲ್ಲಿ "ಮಿಂಚಿನ ಪ್ರಳಯ". ಯಾಕಿಷ್ಟು ಗದ್ದಲ? ಆರಾ ಹೊತ್ತಿನಲ್ಲಿ ನಡೆಯುವುದು ಹೆಚ್ಚುಕಡಿಮೆ ಇದರ ಉಲ್ಟಾ. ಮೆದುಳಿನ ಹೊರಪದರದ ನರಕೋಶಗಳು ಒಮ್ಮೆ ಕೆರಳುತ್ತವೆ, ಆಮೇಲೆ ನಿಮಿಷಗಟ್ಟಲೆ ಸುಮ್ಮನಾಗುತ್ತವೆ. ಆ ಮೌನ ಅಲೆಯಂತೆ ಪಕ್ಕಪಕ್ಕಕ್ಕೆ ಹರಡುತ್ತಾ ಹೋಗುತ್ತದೆ. ವೇಗ ನಿಮಿಷಕ್ಕೆ 3 ಮಿಲಿಮೀಟರ್ ಆಸುಪಾಸು. ಬಸವನಹುಳು ಇದಕ್ಕಿಂತ ಜೋರಾಗಿ ನಡೆಯುತ್ತದೆ!

ಹೀಗೆ ಹರಡುವ ಮೌನವನ್ನು 1944ರಲ್ಲಿ ವರದಿ ಮಾಡಿದವರು ಬ್ರೆಜಿಲ್‌ನ ವಿಜ್ಞಾನಿ ಅರಿಸ್ಟಿಡೆಸ್ ಲಿಯಾವ್. ಮೊಲದ ಮೆದುಳಿನ ಮೇಲೆ ಎಲೆಕ್ಟ್ರೋಡ್ ಇಟ್ಟು ಅವರು ಅಭ್ಯಾಸ ಮಾಡುತ್ತಿದ್ದದ್ದು ಮೂರ್ಛೆರೋಗವನ್ನು. ಅಂದರೆ ನಿಜವಾದ ಬಿರುಗಾಳಿಯನ್ನೇ. ಸಿಕ್ಕಿದ್ದು ಮಾತ್ರ ಒಂದಾದ ಮೇಲೊಂದು ಚಪ್ಪಟೆಯಾಗುವ ಗೆರೆಗಳು, ಅಂದರೆ ಆ ಮೌನ. ಇಂಥ ಕಥೆ ಕೈಯಲ್ಲಿರುವಾಗ ಸಿಡಿಲು ಯಾಕೆ ಬೇಕು ನಿಮಗೆ?

ಎರಡನೇ ಪುಟಕ್ಕೆ ಬನ್ನಿ. "ಇಇಜಿಯಲ್ಲಿ ಈ ಅಲೆ ಸ್ಪಷ್ಟವಾಗಿ ಕಾಣುತ್ತದೆಂದು ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ." ಇಇಜಿ ಅಂದರೆ ತಲೆಗೆ ವೈರು ಅಂಟಿಸಿ ಮೆದುಳಿನ ವಿದ್ಯುತ್ತನ್ನು ದಾಖಲಿಸುವ ಪರೀಕ್ಷೆ. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಮೇಲೆ ಒಬ್ಬರು ಹಿರಿಯ ಉಪಸಂಪಾದಕರಿದ್ದರು. 'ವಿಜ್ಞಾನಿಗಳು' ಅಂತ ಕಂಡರೆ ಸಾಕು, ಕಾಪಿ ವಾಪಸ್. "ಯಾರಪ್ಪಾ ಅವರು? ಏನಿಟ್ಟು ನೋಡಿದ್ರು? ಕಾಣದೆ ಹೋಗಿದ್ದೇನು?" ಮೊದಲ ಎರಡಕ್ಕೆ ಹೇಗೋ ಉತ್ತರ ಹೊಂದಿಸುತ್ತಿದ್ದೆವು. ಮೂರನೆಯದಕ್ಕೆ ಬಾಯಿ ಕಟ್ಟುತ್ತಿತ್ತು. ಅವರು ಬೈಯುತ್ತಿರಲಿಲ್ಲ, ಸುಮ್ನೆ ಕಾಯುತ್ತಿದ್ದರು. ಬೈದಿದ್ದರೇ ವಾಸಿ ಇತ್ತು. ಲೈಬ್ರರಿಗೆ ಓಡಬೇಕು, ಇಲ್ಲವೇ ಆ ಪ್ಯಾರಾ ಹೊಡೆದುಹಾಕಬೇಕು. ಆ ಮನುಷ್ಯರನ್ನು ನಾವು ಮನಸ್ಸಿನಲ್ಲೇ ಎಷ್ಟು ಶಪಿಸಿದ್ದೇವೋ!

ನಿಮ್ಮ ಲೇಖನದ ಜೀವ ಇರುವುದು ಆ ಮೂರನೇ ಪ್ರಶ್ನೆಯಲ್ಲೇ. ಈ ಅಲೆ ಮಾಮೂಲಿ ಇಇಜಿಯಲ್ಲಿ ಸುಲಭಕ್ಕೆ ಕಾಣುವುದಿಲ್ಲ. ತುಂಬ ನಿಧಾನವಾದ ಏರಿಳಿತಗಳನ್ನು ಯಂತ್ರವೇ ಸೋಸಿ ಬಿಡುತ್ತದೆ, ಯಾಕೆಂದರೆ ಬೆವರಿದರೂ ಅಂಥದೇ ಏರಿಳಿತ ಬರುತ್ತದೆ. ಮೆದುಳಿನ ಮಡಿಕೆ, ಮೇಲೆ ತಲೆಬುರುಡೆ, ಎರಡೂ ಸೇರಿ ಸಂಕೇತವನ್ನು ಮಂಕು ಮಾಡುತ್ತವೆ. ಅಲ್ಲದೆ ಆರಾ ಹೇಳಿಕೇಳಿ ಬರುವುದಿಲ್ಲ. ಹೆಚ್ಚಾಗಿ 5ರಿಂದ 60 ನಿಮಿಷದೊಳಗೆ ಮುಗಿದೂ ಹೋಗುತ್ತದೆ. ವೈರು ಅಂಟಿಸುವಷ್ಟರಲ್ಲಿ ಆಟ ಮುಗಿದಿರುತ್ತದೆ. ನೀವು ಹೇಳುವ 2001ರ ಪ್ರಯೋಗದಲ್ಲಿ ವ್ಯಾಯಾಮದಿಂದ ಆರಾ ಬರಿಸಿಕೊಳ್ಳಬಲ್ಲವರೊಬ್ಬರು ಸಿಕ್ಕಿದ್ದರು. ಆದರೆ ಅಲ್ಲಿ ಬಳಸಿದ್ದು ಎಫ್‌ಎಂಆರ್‌ಐ ಎಂಬ ಮೆದುಳಿನ ಸ್ಕ್ಯಾನ್. ಅದು ನೋಡುವುದು ರಕ್ತದ ಬದಲಾವಣೆಯನ್ನು, ವಿದ್ಯುತ್ತನ್ನಲ್ಲ.

ಇನ್ನೊಂದೇ ಸಾಲು. ಮೂರನೇ ಪುಟದ ಕೆಳಗೆ: "ನನಗೂ ಒಮ್ಮೆ ಕಣ್ಣ ಮುಂದೆ ಏನೋ ಮಿನುಗಿತು." ಅಷ್ಟೇನಾ? ಕಾರ್ಲ್ ಲ್ಯಾಶ್ಲಿ ಎಂಬ ಮನಶ್ಶಾಸ್ತ್ರಜ್ಞರಿಗೂ ಹೀಗೇ ಆಗುತ್ತಿತ್ತು. ಕಣ್ಣೆದುರಿನ ಕುರುಡು ಕಲೆ ಹೇಗೆ ಬೆಳೆಯುತ್ತದೆಂದು ಅವರು ಕಾಗದದ ಮೇಲೆ ಗುರುತು ಹಾಕಿದರು. ಅದರಿಂದಲೇ ಲೆಕ್ಕ ಕಟ್ಟಿ, ಏನೋ ಒಂದು ಮೆದುಳಿನ ಮೇಲೆ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ಸರಿಯುತ್ತಿರಬೇಕು ಅಂದರು. ಅದು 1941. ಲಿಯಾವ್ ಅವರ ಮೊಲಕ್ಕಿಂತ ಮುಂಚೆ! ಯಂತ್ರ ಇಲ್ಲ, ವೈರು ಇಲ್ಲ.

ನಿಮ್ಮದು ಎಲ್ಲಿ ಶುರುವಾಯಿತು? ನಡುವಿನಲ್ಲೋ, ಅಂಚಿನಲ್ಲೋ? ಎಡಕ್ಕೆ ಸರಿಯಿತೋ, ಬಲಕ್ಕೋ? ಅಂಕುಡೊಂಕು ಗೆರೆ ಇತ್ತೇ? ಓದುತ್ತಿದ್ದ ಅಕ್ಷರಗಳು ಮಾಯವಾದವೇ? ನೆನಪಿದ್ದಷ್ಟು ಬರೆಯಿರಿ, ಇಲ್ಲದ್ದನ್ನು ತುಂಬಬೇಡಿ. ಅದನ್ನೇ ಮೊದಲ ಪ್ಯಾರಾ ಮಾಡಿ ತಿರುಗಿ ಕಳಿಸಿ. ಕೊನೆಯ ಮನೆಮದ್ದಿನ ಪುಟ ಬೇಡ, ಅದನ್ನು ನಾನು ಓದಿಯೂ ಇಲ್ಲ.