ಚಾರ್ಜಿಂಗ್ ಪೋರ್ಟ್ ಸಡಿಲವಾಗಿದೆಯೇ? ಮೊದಲು ಒಳಗೆ ನೋಡಿ

ಹಳೆಯ ಮೊಬೈಲ್‌ನಲ್ಲಿ ಟೈಪ್-ಸಿ ಪಿನ್ ನಿಲ್ಲುತ್ತಿಲ್ಲ, ಒಂದು ಪಕ್ಕಕ್ಕೆ ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ, ಪೋರ್ಟ್ ಬದಲಿಸಲೇಬೇಕೇ ಎಂದು ಕೇಳಿದ್ದೀರಿ. ಅವಸರ ಬೇಡ. ಮೊದಲು ಬೇರೊಂದು ಒಳ್ಳೆಯ ಕೇಬಲ್ ಹಾಕಿ ನೋಡಿ. ಟೈಪ್-ಸಿಯಲ್ಲಿ ಬಿಗಿಯಾಗಿ ಹಿಡಿಯುವ ಸ್ಪ್ರಿಂಗ್‌ಗಳು ಕೇಬಲ್ಲಿನ ತುದಿಯಲ್ಲಿರುತ್ತವೆ. ಎಷ್ಟೋ ಸಲ ಸವೆದಿರುವುದು ಅದೇ.

ಆಗಲೂ ಸರಿಹೋಗದಿದ್ದರೆ ಟಾರ್ಚ್ ಬೆಳಕು ಬಿಟ್ಟು ಪೋರ್ಟ್‌ನ ಒಳಗೆ ನೋಡಿ. ಜೇಬಿನ ನೂಲಿನ ಎಳೆ, ಧೂಳು ಎಲ್ಲ ಸೇರಿ, ಪಿನ್ ಚುಚ್ಚಿದಾಗಲೆಲ್ಲ ಒತ್ತಿಕೊಂಡು, ತಳದಲ್ಲಿ ಬೂದು ಬಣ್ಣದ ಗಟ್ಟಿ ಪದರವಾಗಿ ಕೂತಿರುತ್ತದೆ. ಪಿನ್ ಪೂರ್ತಿ ಒಳಗಿಳಿಯದೆ ಅದರ ಲೋಹದ ಅಂಚು ಹೊರಗೆ ಕಾಣುತ್ತಿದ್ದರೆ ಬಹುತೇಕ ಇದೇ ಕಾರಣ. ಫೋನ್ ಆಫ್ ಮಾಡಿ. ಮರದ ಹಲ್ಲುಕಡ್ಡಿಯ ತುದಿಯನ್ನು ತೆಳ್ಳಗೆ ಕೆತ್ತಿಕೊಂಡು, ಪೋರ್ಟ್‌ನ ನಡುವೆ ಚಾಚಿರುವ ತೆಳು ಪಟ್ಟಿಗೆ, ಅಂದರೆ ಅದರ ನಾಲಿಗೆಗೆ, ತಾಗಿಸದೆ, ಅಂಚಿನ ಉದ್ದಕ್ಕೂ ಮೆಲ್ಲಗೆ ಕೆರೆದು ಕಸವನ್ನು ಹೊರಗೆಳೆಯಿರಿ. ಸೂಜಿ, ಗುಂಡುಪಿನ್ನು ದಯವಿಟ್ಟು ಬೇಡ. ಆ ನಾಲಿಗೆಯ ಮೇಲಿನ ಸಂಪರ್ಕಗಳು ಬಹಳ ಸೂಕ್ಷ್ಮ, ಒಮ್ಮೆ ಬಾಗಿದರೆ ಕೆಟ್ಟವೆಂದೇ ಲೆಕ್ಕ. ಬಾಯಿಂದ ಊದಲೂಬೇಡಿ, ತೇವ ಸೇರುತ್ತದೆ.

ಪೋರ್ಟೇ ಅಲ್ಲಾಡುತ್ತಿದ್ದರೆ ಬೆಸುಗೆ ಬಿಟ್ಟಿರಬಹುದು. ಅದು ರಿಪೇರಿ ಬಲ್ಲವರ ಕೆಲಸ. ಹಲವು ಫೋನ್‌ಗಳಲ್ಲಿ ಪೋರ್ಟ್ ಪುಟ್ಟ ಪ್ರತ್ಯೇಕ ಬೋರ್ಡ್ ಮೇಲಿರುತ್ತದೆ, ಅದನ್ನಷ್ಟೇ ಬದಲಿಸಿದರೆ ಸಾಕು. ಮುಖ್ಯ ಬೋರ್ಡಿಗೇ ಬೆಸೆದಿದ್ದರೆ ಕೆಲಸ ಹೆಚ್ಚು. ನಿಮ್ಮ ಮಾದರಿ ಯಾವುದೆಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಒತ್ತಿ ಹಿಡಿದು ಚಾರ್ಜ್ ಮಾಡುವುದನ್ನು ಮಾತ್ರ ಇಂದೇ ನಿಲ್ಲಿಸಿ: ಅದರಿಂದ ಬೆಸುಗೆ ಇನ್ನಷ್ಟು ಸಡಿಲವಾಗುತ್ತದೆ, ಸರಿಯಾಗಿ ಕೂಡದ ಸಂಪರ್ಕ ಬಿಸಿಯೂ ಆಗುತ್ತದೆ.