ಓದುಗರ ಪ್ರಶ್ನೆ: ನುಡಿಯಲ್ಲಿರುವ ನೋಟ್ಸ್ ಮೊಬೈಲಿಗೆ ಹೋಗುವುದು ಹೇಗೆ?

ಪ್ರಶ್ನೆ: ಬಿ.ಎ. ತರಗತಿಯ ಇತಿಹಾಸದ ನೋಟ್ಸನ್ನೆಲ್ಲ ಕನ್ನಡ ಟೈಪಿಂಗ್ ತಂತ್ರಾಂಶವಾದ ಹಳೆಯ ನುಡಿಯಲ್ಲಿ ಟೈಪ್ ಮಾಡಿಸಿಟ್ಟಿದ್ದೇನೆ. ವರ್ಡ್ ಫೈಲನ್ನು ವಾಟ್ಸಾಪಿಗೆ ಹಾಕಿದರೆ ವಿದ್ಯಾರ್ಥಿಗಳ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಪಿಡಿಎಫ್ ಮಾಡಿದರೆ ಕನ್ನಡವೇನೋ ಬರುತ್ತದೆ, ಆದರೆ ಅಕ್ಷರ ತೀರಾ ಸಣ್ಣ, ಪದ ಹುಡುಕಲೂ ಆಗುವುದಿಲ್ಲ. ದಾರಿ ಇದೆಯೇ?
– ಉಪನ್ಯಾಸಕಿ, ಗದಗ

ಉತ್ತರ: ಇದೆ, ಮೇಡಂ. ಹಳೆಯ ನುಡಿ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದಾರೆ. ಆ ಫಾಂಟ್ ಇಲ್ಲದ ಮೊಬೈಲು ಅಡಿಯಲ್ಲಿರುವ ರೋಮನ್ ಅಕ್ಷರವನ್ನೇ ತೋರಿಸುತ್ತದೆ. ಪಿಡಿಎಫ್ ತನ್ನೊಳಗೆ ಫಾಂಟನ್ನೂ ಹೊತ್ತೊಯ್ಯುವುದರಿಂದ ಕಣ್ಣಿಗೆ ಕನ್ನಡ ಕಾಣುತ್ತದೆ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಆದ್ದರಿಂದ ಮೊದಲು ಪಠ್ಯವನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ, ಅಂದರೆ ಎಲ್ಲ ಸಾಧನಗಳೂ ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿ. ಇಡೀ ಫೈಲನ್ನು ಒಮ್ಮೆಲೇ ಹಾಕಬೇಡಿ, ಅಧ್ಯಾಯವಾರು ಮಾಡಿ. ಇಂಗ್ಲಿಷ್ ಪದಗಳನ್ನು ಮೊದಲೇ ಬೇರೆ ತೆಗೆದಿಡಿ, ಇಲ್ಲದಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದು ತಿಳಿದು ಕೆಡಿಸುತ್ತದೆ.

ಪರಿವರ್ತನೆ ಆದಮೇಲೆ ಕೂತು ತಿದ್ದುವ ಕೆಲಸ ತಪ್ಪಿದ್ದಲ್ಲ. ಹೆಚ್ಚು ಕೆಡುವುದು ಅರ್ಕಾವತ್ತು. ಹಳೆಯ ಪದ್ಧತಿಯಲ್ಲಿ ಅದು ಅಕ್ಷರದ ನಂತರ ದಾಖಲಾಗುತ್ತದೆ, ಯೂನಿಕೋಡಿನಲ್ಲಿ ಮೊದಲು. ಹೀಗಾಗಿ ‘ಧರ್ಮ’ ‘ಧಮರ್’ ಆಗಿ, ‘ವರ್ಷ’ ‘ವಷರ್’ ಆಗಿ ಬಂದೀತು. ಇನ್ನೊಂದು ದೋಷ ಕಣ್ಣಿಗೇ ಬೀಳುವುದಿಲ್ಲ: ಟೈಪ್ ಮಾಡಿದವರು ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿರುತ್ತಾರೆ. ‘ಸಂಗಮ’ ಎಂದು ಹುಡುಕಿದರೆ ‘ಸ೦ಗಮ’ ಸಿಗದು. ಸೊನ್ನೆಯನ್ನು ಹುಡುಕುಪಟ್ಟಿಯಲ್ಲಿ ಹಾಕಿ ಒಂದೊಂದಾಗಿ ಬದಲಿಸಿ. ಒಟ್ಟಿಗೆ ಬದಲಿಸಿದರೆ ‘೧೦’ ಎಂಬಂಥ ನಿಜವಾದ ಅಂಕಿಗಳೂ ಹಾಳಾಗುತ್ತವೆ.

ಆಮೇಲೆ ಶೀರ್ಷಿಕೆಗಳನ್ನು ಬರೀ ಬೋಲ್ಡ್ ಮಾಡದೆ ವರ್ಡ್‌ನ ‘ಹೆಡಿಂಗ್ 1’, ‘ಹೆಡಿಂಗ್ 2’ ಶೈಲಿಯಲ್ಲಿ ಕೊಡಿ. ಪರಿವಿಡಿ ತಾನಾಗಿ ಸಿದ್ಧವಾಗುವುದು ಇದರಿಂದಲೇ. ಫೈಲನ್ನು ಉಚಿತ ತಂತ್ರಾಂಶ ಕ್ಯಾಲಿಬರ್‌ಗೆ ಹಾಕಿ ಇಪಬ್ (ಇ-ಪುಸ್ತಕದ ಫೈಲ್ ರೂಪ) ಮಾಡಿ. ಇಪಬ್‌ನಲ್ಲಿ ಅಕ್ಷರ ದೊಡ್ಡದು ಮಾಡಿದಷ್ಟೂ ಸಾಲುಗಳು ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ. ಕೋಷ್ಟಕಕ್ಕೆ ಮೂರು ಕಾಲಂ ಸಾಕು, ಹೆಚ್ಚಾದರೆ ಮೊಬೈಲಿನಲ್ಲಿ ಮುರಿಯುತ್ತವೆ. ಚಿತ್ರಗಳನ್ನು ಸುಮಾರು 1000 ಪಿಕ್ಸೆಲ್ ಅಗಲಕ್ಕೆ ಇಳಿಸಿ. ಪಿಡಿಎಫ್ಫೇ ಬೇಕೆಂದರೆ ಎ4 ಬಿಟ್ಟು ಎ5 ಪುಟ, 14 ಪಾಯಿಂಟ್ ‘ನೋಟೋ ಸೆರಿಫ್ ಕನ್ನಡ’ ಫಾಂಟ್ ಇಡಿ. ಮುದ್ರಿಸಿ ಸ್ಕ್ಯಾನ್ ಮಾಡುವುದನ್ನಂತೂ ದಯವಿಟ್ಟು ಬಿಡಿ. ದೃಷ್ಟಿ ಇಲ್ಲದ ವಿದ್ಯಾರ್ಥಿಯ ಮೊಬೈಲು ಯೂನಿಕೋಡ್ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಸ್ಕ್ಯಾನ್ ಮಾಡಿದ ಪುಟ ಅವರ ಪಾಲಿಗೆ ಖಾಲಿ ಹಾಳೆ.

ಪ್ರಶ್ನೆ: ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಸ್ವಯಂ ಪೋರ್ಟಲ್‌ನಲ್ಲಿ ಎನ್‌ಪಿಟೆಲ್‌ನ (ಐಐಟಿಗಳು ನಡೆಸುವ ಯೋಜನೆ) 12 ವಾರದ ಕೋರ್ಸಿನ ಎಲ್ಲ ವಿಡಿಯೊ ನೋಡಿದೆ. ಪ್ರಮಾಣಪತ್ರ ಬರಲಿಲ್ಲ. ಕಾಲೇಜಿನಲ್ಲಿ ಕ್ರೆಡಿಟ್ ಸಿಗುತ್ತದೆಯೇ?
– ಬಿ.ಕಾಂ. ವಿದ್ಯಾರ್ಥಿ, ರಾಣೆಬೆನ್ನೂರು

ಉತ್ತರ: ಕೋರ್ಸಿಗೆ ಸೇರುವುದು ಉಚಿತ. ಪರೀಕ್ಷೆಗೆ ಪ್ರತ್ಯೇಕವಾಗಿ ಹೆಸರು ನೋಂದಾಯಿಸಿ ಶುಲ್ಕ ಕಟ್ಟಬೇಕು, ಅದಕ್ಕೂ ಕೊನೆಯ ದಿನ ಇರುತ್ತದೆ. ಬಹಳ ಮಂದಿ ಎಡವುವುದು ಇಲ್ಲೇ. ವಾರದ ಅಸೈನ್‌ಮೆಂಟ್‌ಗಳಲ್ಲಿ ನಿಮ್ಮ ಅತ್ಯುತ್ತಮ 8ರ ಸರಾಸರಿಗೆ 25 ಅಂಕ, ಮೇಲ್ವಿಚಾರಣೆಯ ಪರೀಕ್ಷೆಗೆ 75 ಅಂಕ. ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬಂದರೆ ಮಾತ್ರ ಪ್ರಮಾಣಪತ್ರ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ. ಸ್ವಯಂನ ಬೇರೆ ಸಂಸ್ಥೆಗಳ ಕೋರ್ಸುಗಳಿಗೆ ಅಂಕದ ಲೆಕ್ಕ ಬೇರೆ ಇರಬಹುದು, ಆಯಾ ಕೋರ್ಸಿನ ಪುಟ ನೋಡಿಕೊಳ್ಳಿ.

ಕ್ರೆಡಿಟ್ ಬಗ್ಗೆ: ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮದಂತೆ ಒಂದು ಸೆಮಿಸ್ಟರಿನ ಗರಿಷ್ಠ ಶೇ. 40ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಪೂರೈಸಬಹುದು. ಆದರೆ ಯಾವ ಕೋರ್ಸು ಒಪ್ಪಿಗೆ ಎಂಬುದನ್ನು ನಿಮ್ಮ ವಿಶ್ವವಿದ್ಯಾಲಯ ತೀರ್ಮಾನಿಸುತ್ತದೆ. ಮುಂದಿನ ಸಲ ಸೇರುವ ಮೊದಲೇ ಕೋರ್ಸಿನ ಹೆಸರು, ಅವಧಿ, ಪಠ್ಯಕ್ರಮದ ಪ್ರತಿ ಲಗತ್ತಿಸಿ ಪ್ರಾಂಶುಪಾಲರಿಗೆ ಅರ್ಜಿ ಕೊಡಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಪ್ರಶ್ನೆ: ಮುದ್ರಿತ ಪಠ್ಯಪುಸ್ತಕದ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಅನ್ನೇ ಇ-ಪುಸ್ತಕಕ್ಕೂ ಬಳಸಬಹುದೇ?
– ಪ್ರಕಾಶಕರು, ಧಾರವಾಡ

ಉತ್ತರ: ಬಾರದು. ಇಪಬ್ ಬೇರೆ ರೂಪ, ಅದಕ್ಕೆ ಬೇರೆಯದೇ ಸಂಖ್ಯೆ ಬೇಕು. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿಯಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಶುಲ್ಕವಿಲ್ಲದೆ ಸಿಗುತ್ತದೆ.